ಬೆನ್ನಿಗೆ ಕರೆದವಳು

ನಾನು ಕೊಡ ಹಿಡಿದು ಹೊಳೆಯ ಮೆಟ್ಟಿಲಿಳಿದ ಕೂಡಲೇ ಅಲ್ಲಿದ್ದ ಹೆಂಗಸರೆಲ್ಲ ಮುಖ ತಿರುಗಿಸಿದರು. ಸೀರೆ ಹಿಂಡುತ್ತಿದ್ದವಳೊಬ್ಬಳು ಹಿಂಡುವುದನ್ನು ಅರ್ಧಕ್ಕೇ ಬಿಟ್ಟು ಆಚೆ ದಡದ ತೆಂಗಿನ ಮರಗಳನ್ನು ನೋಡತೊಡಗಿದಳು. ಇನ್ನೊಬ್ಬಳು ತನ್ನ ಕೊಡವನ್ನು ಎಳೆದುಕೊಂಡು ನನಗೆ ದಾರಿ ಬಿಟ್ಟಳು, ಆದರೆ ತಲೆ ಎತ್ತಲಿಲ್ಲ. ನನಗಾಗ ಐದು ತಿಂಗಳು. ಹೊಟ್ಟೆ ಸೆರಗಿನಲ್ಲಿ ಅಡಗುವ ಕಾಲ ಮುಗಿದಿತ್ತು. ನಾನೇನು ಮೈಮೇಲೆ ರೋಗ ಹೊತ್ತು ಬಂದಿದ್ದೇನೆಯೇ ಎಂದು ನನ್ನ ಕೈಕಾಲನ್ನು ನಾನೇ ನೋಡಿಕೊಂಡೆ.

ಅಕ್ಕತಂಗಿಯರೇ, ನಮ್ಮ ಧಾರವಾಡದ ಕಡೆ ಬಸುರಿಯ ಹೊಟ್ಟೆ ಊರಿನ ಸೊತ್ತು ಎಂಬುದು ನಿಮಗೆ ಗೊತ್ತೇ ಇದೆ. ಬಾವಿಗೆ ಹೋದರೆ ಒಬ್ಬಳು ಎಷ್ಟು ತಿಂಗಳೆಂದು ಕೇಳುತ್ತಾಳೆ, ಇನ್ನೊಬ್ಬಳು ನಡಿಗೆ ನೋಡಿ ಗಂಡೋ ಹೆಣ್ಣೋ ಹೇಳುತ್ತಾಳೆ, ಗುರುತೇ ಇಲ್ಲದ ಅಜ್ಜಿ ಬಂದು ಹೊಟ್ಟೆ ಸವರಿ ಹುಣಸೆಕಾಯಿ ಕೊಟ್ಟು ಹೋಗುತ್ತಾಳೆ. ಇಲ್ಲಿ ನಂಜನಗೂಡಿನಲ್ಲಿ ನನ್ನ ಹೊಟ್ಟೆಯನ್ನು ನೋಡುವ ಕಣ್ಣೇ ಇರಲಿಲ್ಲ.

ನಮ್ಮವರಿಗೆ ಇಲ್ಲಿನ ರೈಲು ನಿಲ್ದಾಣದಲ್ಲಿ ಕೆಲಸವಾಯಿತು. ಹಳಿ ಇಲ್ಲಿಗೇ ಮುಗಿಯುತ್ತದೆ. ಮುಂದೆ ಹೋಗಬೇಕಾದವರಿಗೆ ಎತ್ತಿನ ಗಾಡಿಯೇ ಗತಿ. ಹುಬ್ಬಳ್ಳಿಯಲ್ಲಿ ಹತ್ತಿದ್ದೊಂದೇ ಜ್ಞಾಪಕ. ಹರಿಹರ, ಬೆಂಗಳೂರು, ಮೈಸೂರು ಎಂದು ಕೂತು ಕೂತು ಸೊಂಟ ಬಿದ್ದುಹೋದ ಮೇಲೆ, ಇದೇ ಕಡೆಯ ನಿಲ್ದಾಣ, ಇಳಿ ಎಂದರು. ಇಳಿದೆ. ಇಲ್ಲಿ ಮಣ್ಣು ಕೆಂಪು. ನಮ್ಮ ಎರೆಮಣ್ಣಿನ ಹಾಗೆ ಕಾಲಿಗೆ ಅಂಟಿಕೊಂಡು ಬರುವುದಿಲ್ಲ. ಅದಕ್ಕೂ ನನಗೆ ಅಳು ಬಂತು.

ಇಲ್ಲಿ ಆಡುವುದೂ ಕನ್ನಡವೇ. ಆದರೆ ಅಂಗಡಿಗೆ ಹೋಗಿ ಉಳ್ಳಾಗಡ್ಡಿ ಕೊಡಿ ಎಂದರೆ ಅಂಗಡಿಯವನು ನನ್ನನ್ನೂ ತನ್ನ ಮೂಟೆಗಳನ್ನೂ ಮಿಕಮಿಕ ನೋಡಿದ. ಬೆರಳು ಮಾಡಿ ತೋರಿಸಿದ ಮೇಲೆ, "ಓ, ಈರುಳ್ಳಿನಾ!" ಎಂದು ನಕ್ಕ. ಊಟಕ್ಕೆ ರಾಗಿಯ ಮುದ್ದೆ. ಅದನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು. ಗೊತ್ತಿಲ್ಲದೆ ನಾನು ಅಗಿದೆ. ಅದು ಹಲ್ಲಿಗೆ ಮೆತ್ತಿಕೊಂಡು ಮಾತೇ ಹೊರಡದಂತಾಯಿತು. ನನ್ನ ಬಾಯಿ ಮುಚ್ಚಿಸಿದ ಮೊದಲ ಪದಾರ್ಥ ಅದೇ ಎಂದು ನಮ್ಮವರು ಇಂದಿಗೂ ಆಡಿಕೊಳ್ಳುತ್ತಾರೆ. ರೊಟ್ಟಿ ಮಾಡೋಣವೆಂದರೆ ಇಲ್ಲಿ ಸಿಗುವ ಜೋಳಕ್ಕೆ ನಮ್ಮ ಬಿಳಿಜೋಳದ ಜಿಗುಟಿಲ್ಲ, ತಟ್ಟಿದರೆ ಅಂಚು ಸೀಳುತ್ತದೆ. ರಸಬಾಳೆ ಎಂಬ ಒಂದು ಹಣ್ಣಿದೆ ನೋಡಿ, ಅದೊಂದಕ್ಕಾಗಿ ಈ ಊರನ್ನು ಕ್ಷಮಿಸಬಹುದು ಎಂದುಕೊಂಡು ದಿನ ನೂಕಿದೆ.

ನೂಕಲಾರದ ಚಿಂತೆ ಬೇರೆಯೇ ಇತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ಅಲ್ಲಿಯೂ ಇಲ್ಲಿಯೂ ಒಂದೇ. ಆದರೆ ಆ ವರ್ಷ ನಮ್ಮ ಕಡೆ ಪ್ಲೇಗು ಬಂದು ಜನವೆಲ್ಲ ಊರು ಬಿಟ್ಟು ಹೊಲದ ಗುಡಿಸಲು ಸೇರಿದ್ದರು. ಬರಬೇಡ, ನಾವೂ ಬರುವ ಹಾಗಿಲ್ಲ ಎಂದು ಅಪ್ಪ ಬರೆಸಿದ. ಅತ್ತೆ ನಾನು ಸೊಸೆಯಾಗಿ ಬರುವ ಮೊದಲೇ ತೀರಿದ್ದರು. ಅಂದರೆ ನೋವು ಬಂದಾಗ ನನ್ನ ಹತ್ತಿರ ಕೂರಲು ಒಂದು ಹೆಣ್ಣು ಜೀವವೂ ಇರಲಿಲ್ಲ. ಅದನ್ನು ನೆನೆದರೆ ಹೊಟ್ಟೆಯೊಳಗಿನ ಕೂಸಿಗಿಂತ ಜೋರಾಗಿ ನನ್ನ ಎದೆ ಒದೆಯುತ್ತಿತ್ತು.

ಬೀದಿಯಲ್ಲಿ ನನ್ನೊಡನೆ ಬಾಯಿ ಬಿಟ್ಟು ಮಾತಾಡುತ್ತಿದ್ದವಳು ಪುಟ್ಟಮ್ಮ ಒಬ್ಬಳೇ. ಹೊಳೆಯ ದಡದಲ್ಲಿ ಅವಳಿಗೊಂದು ತುಂಡು ತೋಟ. ಬದನೆ, ದಂಟಿನ ಸೊಪ್ಪು ಬೆಳೆದು ಮನೆಮನೆಗೆ ತಂದು ಮಾರುತ್ತಿದ್ದಳು. ಹೆಸರು ಪುಟ್ಟಮ್ಮ, ಆಳು ಬಾಗಿಲಿನಷ್ಟು ಅಗಲ. ಗಂಡ ತೀರಿ ಬಹಳ ವರ್ಷವಾಗಿತ್ತು. ಹಣೆಯಲ್ಲಿ ವಿಭೂತಿ, ಬರಿಗೈ. ನನ್ನ ಮಾತು ಕೇಳಿ ಬುಟ್ಟಿ ಇಳಿಸಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಇನ್ನೊಂದ್ಸಲ ಅನ್ನವ್ವ, ಅದೇನು, ಬದನೀಕಾಯಿನಾ?" ಎಂದು ಮತ್ತೆ ಹೇಳಿಸುತ್ತಿದ್ದಳು. ಬೆನ್ನು ತಿರುಗಿಸಿ ಹೋಗುವಾಗ ಥೇಟ್ ನಮ್ಮ ಅವ್ವನೇ. ಅದಕ್ಕೇ ನಾನು ಬೇಕಿಲ್ಲದ ಬದನೆಕಾಯಿಯನ್ನೂ ಕೊಳ್ಳುತ್ತಿದ್ದೆ. ಆದರೆ ಅವಳೂ ನನ್ನ ಹೊಟ್ಟೆಯ ಕಡೆ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ.

ಏಳನೆಯ ತಿಂಗಳಿನಲ್ಲಿ ನನ್ನ ಸಹನೆ ಮುಗಿಯಿತು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುವುದೆಂದು ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಒಂದು ಬೆಳಗ್ಗೆ ಮೆಟ್ಟಿಲ ಮೇಲೆ ಕೊಡ ಕುಕ್ಕಿ ಕೂಗಿದೆ.

"ಎಂಥಾ ಹೆಂಗಸರ್ರೀ ನೀವು! ಒಬ್ಬ ಬಸುರಿ ದಿನಾ ನಿಮ್ಮ ಕಣ್ಣ ಮುಂದ ಕೊಡಾ ಹೊತ್ತು ಹತ್ತಿ ಇಳೀತಾಳ, ಎಷ್ಟು ತಿಂಗಳಾತು ಅಂತ ಕೇಳೂ ಬಾಯಿ ಇಲ್ಲೇನು ನಿಮಗ? ನಮ್ಮೂರಾಗ ಗಬ್ಬಾದ ಆಕಳಿಗೂ ಕೇಳತಾರ!"

 ನಮ್ಮ ಪಕ್ಕದ ಮನೆಯ ಗೌರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದ್ದಳು. ಎಣ್ಣೆ ಅಂಗಡಿಯವರ ಹೆಂಡತಿ, ಬೀದಿಗೆಲ್ಲ ಹಿರಿಯಳ ಠೀವಿ.

"ನೀನು ಕರದ್ಯೇನವ್ವಾ?" ಎಂದಳು.

"ಏನು ಕರೀಬೇಕಿತ್ರೀ?"

"ಕರೀದೆ ನಾವೆಂಗವ್ವ ನಿನ್ನ ಒಟ್ಟೆ ಮೇಲೆ ಕಣ್ಣಾಕದು? ನಾಳಿಕ್ಕೆ ಏನಾರ ಎಚ್ಚುಕಮ್ಮಿ ಆದ್ರೆ, ಗೌರಮ್ಮನ ಕಣ್ಣು ಬಿತ್ತು ಅನ್ನಲ್ವಾ ಜನ? ಎರಡು ಎಲೆ, ಒಂದು ಅಡ್ಕೆ ಕೊಟ್ಟು ಬೆನ್ಗೆ ಬನ್ನಿ ಅನ್ನಕೆ ಇವಳ್ಗೇನು ದೊಡ್ಡಸ್ತಿಕೆ ಅಂತ ನಾವೂ ಕಾದೂ ಕಾದೂ ಸಾಕಾಗೋಗದೆ! ಊರ್ಗೆ ಬಂದೋಳು ನೀರ್ಗೆ ಬರ್ದೆ ಇರ್ತಾಳಾ, ನಮ್ಮಂತಕ್ಕೂ ಬತ್ತಾಳೆ ಬುಡು ಅಂತ ನಾನೇ ಎಲ್ರಿಗೂ ಯೋಳಿದ್ದೆ!"

 ಅವರು ನನ್ನನ್ನು ಸೊಕ್ಕಿನವಳೆಂದುಕೊಂಡಿದ್ದರು, ನಾನು ಅವರನ್ನು ಕಲ್ಲೆದೆಯವರೆಂದುಕೊಂಡಿದ್ದೆ. ಮೊದಲು ನಕ್ಕವಳು ನಾನೇ. ಆಮೇಲೆ ಮೆಟ್ಟಿಲ ತುಂಬ ನಗು.

ಆ ಬೀದಿಯ ರೂಢಿಯನ್ನು ಗೌರಮ್ಮ ಅಲ್ಲೇ ಕೂರಿಸಿಕೊಂಡು ಹೇಳಿಕೊಟ್ಟಳು. ಬಸುರಿ ತಾನೇ ಎಲೆ ಅಡಿಕೆ ಹಿಡಿದು ಹೋಗಿ ತನಗೆ ಬೇಕಾದವರನ್ನು ಕರೆಯಬೇಕು. ಕರೆಸಿಕೊಂಡವರು ಹೆರಿಗೆಯ ದಿನ ಮನೆಯಲ್ಲಿ ಏನೇ ಕೆಲಸವಿರಲಿ ಬರುತ್ತಾರೆ. ಕರೆಯದವರು ಹೆರಿಗೆಯ ಕೋಣೆಯ ಹೊಸಿಲು ದಾಟುವುದಿಲ್ಲ, ಅತ್ತೆಯಾದರೂ ಸರಿ. ಕರೆದವರಲ್ಲಿ ಒಬ್ಬಳ ಹೆಸರನ್ನು ಬೆನ್ನಿಗೆಂದು ಹೇಳಬೇಕು. ಅವಳು ಗೋಡೆಗೊರಗಿ ಕೂತು, ಹೆರುವವಳನ್ನು ತನ್ನ ಎದೆಗೆ ಒರಗಿಸಿಕೊಂಡು ಕೊನೆಯವರೆಗೆ ಹಿಡಿದಿರುತ್ತಾಳೆ. ಸೂಲಗಿತ್ತಿ ಮುಂದೆ, ಇವಳು ಹಿಂದೆ. ಹೆಸರು ಹೇಳಿದ ಮೇಲೆ ಆ ಜಾಗದಲ್ಲಿ ಬೇರೆ ಯಾರೂ ಕೂರುವಂತಿಲ್ಲ.

ನಮ್ಮಲ್ಲಿ ಹಾಗಿಲ್ಲ. ನೋವು ಬಂದ ಸುದ್ದಿ ಹಬ್ಬಿದರೆ ಓಣಿಯೇ ಬಂದು ಖೋಲಿ ತುಂಬುತ್ತದೆ. ಅದನ್ನು ನಾನು ಪ್ರೀತಿ ಎಂದೇ ತಿಳಿದಿದ್ದೆ, ಇಂದಿಗೂ ಪ್ರೀತಿಯೇ ಅನ್ನುತ್ತೇನೆ. ಆದರೆ ಆ ಗದ್ದಲದ ನಡುವೆ ಮಲಗಿದವಳನ್ನು ನಿನಗೆ ಯಾರು ಬೇಕು ಎಂದು ಯಾರಾದರೂ ಕೇಳಿದ್ದನ್ನು ನಾನಂತೂ ಕಂಡಿಲ್ಲ. ಇಲ್ಲಿ ಕೇಳಿದರು. "ಬೆನ್ಗೆ ಯಾರವ್ವ?" ಎಂದು ಗೌರಮ್ಮ ಕೇಳಿದಾಗ, ತನ್ನ ಹೆಸರನ್ನೇ ಹೇಳುತ್ತೇನೆಂದು ಅವಳ ಮುಖ ಆಗಲೇ ಅರಳಿತ್ತು.

ನಾನು ಪುಟ್ಟಮ್ಮ ಎಂದುಬಿಟ್ಟೆ.

ಮೆಟ್ಟಿಲ ಮೇಲಿನ ನಗುವೆಲ್ಲ ಆರಿತು. ಗೌರಮ್ಮ ದನಿ ತಗ್ಗಿಸಿದಳು. "ಬ್ಯಾಡ ಕಣವ್ವ. ಗಂಡ ಓದೋಳು. ಅಂತೋಳ್ನ ಎರಿಗೆ ಮನೆಗೆ ಕರೀತಾರಾ?" ನಮ್ಮಲ್ಲೂ ಕರೆಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಸಮಾಜ ತಿದ್ದುವ ಹುಮ್ಮಸ್ಸೇನೂ ನನಗಿರಲಿಲ್ಲ. ಅವ್ವನಿಲ್ಲ, ಅವ್ವನಂಥ ಬೆನ್ನು ಊರಿಗೆ ಒಂದೇ ಇದೆ, ಅದು ನನಗೆ ಬೇಕು. ಇಷ್ಟೇ ನನ್ನ ಲೆಕ್ಕ. ವಿಧವೆಯ ಹೆಸರು ಹೇಳಬಾರದೆಂದು ರೂಢಿಯಲ್ಲಿದೆಯೇ ಎಂದು ಕೇಳಿದೆ.  ಅಂಥ ಹೆಸರನ್ನು ಯಾರಾದರೂ ಹೇಳುತ್ತಾರೆಂದು ರೂಢಿ ಮಾಡಿದವರಿಗೇ ತೋಚಿರಲಿಲ್ಲ. ಹೇಳಿದ್ದಾಗಿದೆ, ಇನ್ನು ಆ ಜಾಗ ಅವಳದೇ ಎಂದು ನಾನು ಕೊಡ ಎತ್ತಿಕೊಂಡು ಹೊರಟೆ.

ಎಲೆ ಅಡಿಕೆ ಹಿಡಿದು ಹೋದರೆ ಪುಟ್ಟಮ್ಮ ಕೈಯನ್ನೇ ಚಾಚಲಿಲ್ಲ. "ನಿನ್ನ ಒಳ್ಳೇದಕ್ಕೇ ಯೋಳ್ತಿವ್ನಿ, ಓಗು" ಎಂದು ಬಾಗಿಲು ಮುಚ್ಚಿದಳು. ಎಲೆ ಅಡಿಕೆಯ ತಟ್ಟೆಯನ್ನು ಹೊಸಿಲ ಮೇಲಿಟ್ಟು ಬಂದೆ. ಮರುದಿನ ಅವಳ ಮನೆಗೆ ಬೀಗ. ತೋಟವನ್ನು ಯಾರಿಗೋ ವಹಿಸಿ ನರಸೀಪುರದ ತಂಗಿಯ ಮನೆಗೆ ಹೊರಟುಹೋಗಿದ್ದಳು.

ಒಂಬತ್ತನೆಯ ತಿಂಗಳು ಹಿಡಿಯುವವರೆಗೆ ಕಾದೆ, ಅವಳು ಬರಲಿಲ್ಲ. ನನ್ನ ಬೆನ್ನಿನ ಜಾಗ ಖಾಲಿ. ಎಲೆ ಅಡಿಕೆ ಕೊಟ್ಟು ಕರೆದಿದ್ದ ಗೌರಮ್ಮ ದಿನವೂ ಬಂದು ಕಾಲು ಒತ್ತುತ್ತಿದ್ದಳು, ಸೊಪ್ಪು ಬೇಯಿಸಿ ಕೊಡುತ್ತಿದ್ದಳು. ನೀವೇ ಕೂರಿ ಎಂದರೆ ಮಾತ್ರ ಕಿವಿ ಮುಚ್ಚಿಕೊಳ್ಳುತ್ತಿದ್ದಳು. "ಎಸ್ರು ಯೋಳ್ಬುಟ್ಟಿದ್ದೀಯ. ನಾ ಕುಂತ್ರೆ ನನ್ನ ಮಕ್ಕಳ್ಗೆ ಒಳ್ಳೇದಾಗಕಿಲ್ಲ." ಕೊನೆಗೆ ನಾನೇ ನರಸೀಪುರಕ್ಕೆ ಹೋಗುವುದೆಂದು ನಿಶ್ಚಯಿಸಿದೆ. "ನಿನ್ನ ತಲಿ ಕೆಟ್ಟೈತಿ!" ಎಂದರು ನಮ್ಮವರು. ಅವರಿಗೆ ರಜೆಯಿಲ್ಲ. ನಾನು ಹಟ ಹಿಡಿದರೆ ಬಿಡುವವಳಲ್ಲ ಎಂದು ಗೊತ್ತಿದ್ದರಿಂದ ಕಮಾನುಗಾಡಿ ಗೊತ್ತು ಮಾಡಿ, ಒಳಗೆ ಮೊಣಕಾಲುದ್ದ ಹುಲ್ಲು ಹಾಸಿಸಿದರು. ಗಾಡಿ ಹತ್ತಿ ನೋಡಿದರೆ ಗೌರಮ್ಮ ಬುತ್ತಿ ಕಟ್ಟಿಕೊಂಡು ಆಗಲೇ ಒಳಗೆ ಕೂತಿದ್ದಾಳೆ.

"ಕರದಿದ್ದೀಯಲ್ಲ," ಎಂದಳು ಸಿಡುಕುತ್ತ. "ನೀ ಎಲ್ಲೋಯ್ತಿಯೋ ಅಲ್ಲಿಗೆ ನಾನು. ಆ ಗಾಡಿಯೋನ್ಗೆ ವಸಿ ಮೆಲ್ಗೆ ಒಡಿ ಅನ್ನು."

ಸುತ್ತೂರಿನ ಹತ್ತಿರ ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಎರಡೂ ಕಡೆ ಭತ್ತದ ಗದ್ದೆ, ನಾಲೆಯ ನೀರು. ಇಷ್ಟು ಹಸಿರನ್ನು ಒಟ್ಟಿಗೆ ನಾನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಅಂದು ಮೊದಲ ಸಲ ಮುದ್ದೆ ನನ್ನ ಗಂಟಲಲ್ಲಿ ತಾನಾಗಿಯೇ ಇಳಿಯಿತು. ಗೌರಮ್ಮ ಬೆನ್ನು ತಟ್ಟಿದಳು. ಹೊತ್ತು ಇಳಿಯುವ ಮುಂಚೆ ನರಸೀಪುರ ಮುಟ್ಟಿದೆವು. ನಮ್ಮ ಕಪಿಲೆ ಕಾವೇರಿಗೆ ಸೇರುವುದು ಅಲ್ಲೇ, ತಂಗಿಯ ಮನೆ ಹೊಳೆಯಿಂದ ಕೂಗಳತೆಯಲ್ಲಿ. ಪುಟ್ಟಮ್ಮ ಜಗಲಿಯ ಮೇಲೆ ಸೊಪ್ಪು ಸೋಸುತ್ತಿದ್ದವಳು ನನ್ನನ್ನು ಕಂಡು ಸೊಪ್ಪನ್ನೆಲ್ಲ ಚೆಲ್ಲಿ ಎದ್ದಳು.

"ಇಂತಾ ಒಟ್ಟೆ ಒತ್ಕೊಂಡು ಗಾಡೀಲಿ ಬತ್ತಾರೇನೇ, ಬುದ್ಧಿಗೆಟ್ಟೋಳೇ!"

"ನೀವು ಓಡಿ ಬಂದರ ನಾ ಏನು ಮಾಡ್ಲಿ? ಬರ್ರಿ ನಂಜನಗೂಡಿಗೆ."

"ಬರಕಿಲ್ಲ. ಗಂಡನ್ನ ನುಂಗ್ದೋಳು ಅಂತ ಬಾಯ್ತುಂಬ ಕರದವ್ರೆ ನನ್ನ. ನಾಳಿಕ್ಕೆ ನಿನ್ನ ಕೂಸ್ಗೆ ಒಂದು ನೆಗಡಿ ಬಂದ್ರೂ ನನ್ನ ತಲೆಗೇ ಕಟ್ತಾರೆ."

"ಬರಲಿ ನೆಗಡಿ! ನೆಗಡಿ ಬರಲಾರದ ಕೂಸು ಯಾವ ಊರಾಗ ಐತ್ರೀ?"

 ಆಗ ಗೌರಮ್ಮ ಗಾಡಿಯಿಂದ ಇಳಿದು ಮುಂದೆ ಬಂದಳು. "ಅಕ್ಕಾ, ನಿನ್ನ ಬ್ಯಾಡ ಅಂದೋಳು ನಾನೇ. ಈಗ ನಾನೇ ಕರೀತಿವ್ನಿ. ಯಾರಾರ ಏನಾರ ಅಂದ್ರೆ ನನ್ನ ಕೇಳಕೆ ಯೋಳು." ಪುಟ್ಟಮ್ಮ ಜಗಲಿಯ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಷ್ಟು ದೊಡ್ಡ ಹೆಂಗಸು ಅಳುವುದನ್ನು ನೋಡಿ ನಾನೂ ಅತ್ತೆ, ಗೌರಮ್ಮನೂ ಅತ್ತಳು, ಗಾಡಿಯವನು ಮಾತ್ರ ಎತ್ತುಗಳಿಗೆ ನೀರು ಕುಡಿಸಲು ಹೋದ.

ಮರುದಿನ ಹಿಂತಿರುಗುವುದೆಂದು ಮಾತಾಗಿತ್ತು. ಕೂಸಿಗೆ ಆ ಮಾತು ಕೇಳಿಸಲಿಲ್ಲ. ಬೆಳಗಿನ ಗಂಜಿ ಕುಡಿಯುತ್ತಿದ್ದಂತೆ ನೋವು ಹಿಡಿಯಿತು. ತಂಗಿ ಸೂಲಗಿತ್ತಿಯನ್ನು ಕರೆತರಲು ಓಡಿದಳು. ಪುಟ್ಟಮ್ಮ ನಡುಮನೆಯ ಗೋಡೆಗೊರಗಿ ಕಾಲು ಚಾಚಿ ಕೂತು, "ಬಾ" ಎಂದಳು. ನಾನು ಒರಗಿದೆ. ಅವಳ ಎರಡು ತೋಳು ನನ್ನ ಕಂಕುಳಡಿಯಿಂದ ಬಂದು ಎದೆಯ ಮೇಲೆ ಕೂಡಿಕೊಂಡವು. ಅವಳ ಉಸಿರು ನನ್ನ ಬೆನ್ನಿಗೆ ತಾಕುತ್ತಿತ್ತು. ಅದು ಏರಿದಂತೆ ನಾನೂ ಉಸಿರೆಳೆದೆ, ಇಳಿದಂತೆ ಬಿಟ್ಟೆ. ಇಷ್ಟು ದಿನ ಮನಸ್ಸಿನಲ್ಲಿ ಕೂತಿದ್ದ ಭಯ ಅಲ್ಲಿಗೆ ಅರ್ಧ ಇಳಿಯಿತು.

ಸ್ವಲ್ಪ ಹೊತ್ತಿಗೆ ಅವಳು, "ನಿಮ್ಮೂರ್ನಾಗೆ ರೊಟ್ಟಿ ಎಂಗೆ ಮಾಡ್ತೀರಿ, ಯೋಳು" ಎಂದಳು.

"ಈಗ ರೊಟ್ಟಿ ಸುದ್ದೀ?"

"ಈಗ್ಲೇ. ಯೋಳು."

ಹೇಳಿದೆ. ಎಸರು ಕುದಿಯಬೇಕು, ಹಿಟ್ಟು ಹಾಕಬೇಕು ಎನ್ನುವಷ್ಟರಲ್ಲಿ ನೋವು ಬಂದು ಮಾತು ನುಂಗಿತು. ನೋವು ಸರಿದ ಕೂಡಲೇ, "ಇಟ್ಟು ಆಕ್ದೆ, ಆಮೇಲೆ?" ಎಂದಳು. ನಾದಬೇಕು ಎಂದೆ. "ಎಷ್ಟು ನಾದ್ಬೇಕು?" ಕೈ ಸೋಲುವವರೆಗೆ ಎಂದೆ. ಮತ್ತೆ ನೋವು. ಗೌರಮ್ಮ ನನ್ನ ಮೊಣಕಾಲು ಹಿಡಿದು ಕೂತವಳು, "ನೀರು ಬಿಸೀದಾ, ತಣ್ಣೀರಾ?" ಎಂದು ನಡುವೆ ಬಾಯಿ ಹಾಕಿದಳು. ನನಗೆ ಸಿಟ್ಟು ಬಂತು. ಎಸರು ಅಂದರೆ ಬಿಸಿನೀರೇ ಎಂದು ಕಿರುಚಿದೆ. ಸೂಲಗಿತ್ತಿ ನಗುತ್ತ ಈಗ ನೂಕು ಎಂದಳು. "ತಟ್ಟವ್ವಾ, ತಟ್ಟು! ಅಂಚು ಸೀಳ್ದೆ ಇರಂಗೆ ತಟ್ಟು!" ಎಂದು ಪುಟ್ಟಮ್ಮ ಕಿವಿಯಲ್ಲಿ ಕೂಗುತ್ತಿದ್ದಳು. ನಾನು ಅವಳ ತೋಳನ್ನು ಹಲ್ಲಿನಿಂದ ಕಚ್ಚಿ ಹಿಡಿದು ನೂಕಿದೆ. ಬಿಸಿಲು ಅಂಗಳದ ನಡುವಿಗೆ ಬರುವ ಹೊತ್ತಿಗೆ ಕೂಸು ಅತ್ತಿತು. ಹೆಣ್ಣು.

ಅವಳ ತೋಳಿನ ಮೇಲೆ ನನ್ನ ಹಲ್ಲಿನ ಗುರುತು ಕೆಂಪಗೆ ಎದ್ದಿತ್ತು. ನೋವಾಯಿತೇ ಎಂದರೆ, "ರಾಗಿ ತಿಂದ ತೋಳು, ಓಗತ್ಲಾಗೆ" ಎಂದು ಕೂಸನ್ನು ಎತ್ತಿ ನೋಡಿದಳು. ಕಪ್ಪಗೆ, ಸುಕ್ಕು ಸುಕ್ಕಾಗಿ, ಬದನೆಕಾಯಿಯ ಹಾಗಿದ್ದ ಆ ಕೂಸು ನನಗೆ ಲೋಕದಲ್ಲೇ ಚೆಲುವೆಯಾಗಿ ಕಂಡಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಸುಮ್ಮನೆ ಅಂದಿಲ್ಲ. ಅಯ್ಯೋ ಅಕ್ಕತಂಗಿಯರೇ, ಅಂದಿನ ಆ ಸಂತೋಷವನ್ನು ಹೇಗೆ ಬರೆಯಲಿ! ನಾನು ಒಂಟಿಯಾಗಿ ಹೆರಲಿಲ್ಲ. ಗೊತ್ತಿಲ್ಲದ ಊರಿನಲ್ಲಿ, ಗೊತ್ತಿಲ್ಲದ ಮನೆಯಲ್ಲಿ, ನನಗೆ ಬೇಕೆಂದು ಕರೆದವಳ ಎದೆಗೊರಗಿ ಹೆತ್ತೆ.

ನಂಜನಗೂಡಿಗೆ ಮರಳಿದ ಮೇಲೆ ಕೆಲವರು ನಮ್ಮ ಮನೆಯ ಕಡೆ ಸುಳಿಯುವುದನ್ನು ಬಿಟ್ಟರು. ಕೂಸಿಗೆ ನೆಗಡಿಯೂ ಬಂತು, ಹೋಯಿತು. ನೆಗಡಿಯ ಸುದ್ದಿ ಕೇಳಿ ಪುಟ್ಟಮ್ಮ ಮತ್ತೆಲ್ಲಿ ಓಡಿಹೋಗುತ್ತಾಳೋ ಎಂದು ನಾನು ಹೆದರಿದ್ದೆ. ಅವಳು ಒಂದು ಹಿಡಿ ತುಳಸಿ ತಂದು, ಕಷಾಯ ಕಾಯಿಸಿ, ಹಜಾರದಲ್ಲೇ ಕೂತಳು. ಈಗ ಬೀದಿಯ ಕೊನೆಯ ಮನೆಯ ಬಸುರಿ ಹುಡುಗಿಯೊಬ್ಬಳು ಪುಟ್ಟಮ್ಮನ ಮನೆಗೆ ಎಲೆ ಅಡಿಕೆ ಹಿಡಿದು ಹೋಗಿ ಬಂದಿದ್ದಾಳೆ. ಹುಡುಗಿಯ ಅತ್ತೆ ಗೊಣಗುತ್ತಿದ್ದಾರೆ. ಗೊಣಗಲಿ.

ಪ್ಲೇಗು ಇಳಿದು, ಕೂಸಿಗೆ ಹಲ್ಲು ಮೂಡುವ ಹೊತ್ತಿಗೆ ಅವ್ವ ಬಂದಳು. ಬೆನ್ನಿಗೆ ಯಾರಿದ್ದರು ಎಂಬುದನ್ನು ಅವಳಿಗೆ ಹೇಳಲು ನನಗೆ ಅಂಜಿಕೆ. ಅವ್ವನ ಮಡಿ, ಶಕುನ ನಿಮಗೆ ಗೊತ್ತಲ್ಲ. ಪುಟ್ಟಮ್ಮ ಬುಟ್ಟಿ ಹೊತ್ತು ಬಂದ ದಿನ ಬೇರೆ ದಾರಿಯಿಲ್ಲದೆ ಹೇಳಿದೆ. ಅವ್ವ ಪುಟ್ಟಮ್ಮನ ಹಣೆ ನೋಡಿದಳು, ಬರಿಗೈ ನೋಡಿದಳು. ಗುಡುಗು ಇನ್ನೇನು ಬಂತು ಎಂದು ನಾನು ಕೂಸನ್ನು ಅವಚಿಕೊಂಡೆ. ಅವ್ವ ಗೋಡೆ ಹಿಡಿದು ನಿಧಾನಕ್ಕೆ ಕೂತಳು.

"ನೀ ಹುಟ್ಟೂ ಮುಂದ ನಮ್ಮವ್ವ ಪಡಸಾಲ್ಯಾಗ ಕುಂತಿದ್ಲು," ಎಂದಳು. "ಗಂಡ ಸತ್ತಾಕಿ ಅಂತ ಒಳಗ ಬಿಡಲಿಲ್ಲ. ಖೋಲಿ ತುಂಬ ಹೆಂಗಸರು. ಅವರನ್ಯಾರನ್ನೂ ನಾ ಕರದಿದ್ದಿಲ್ಲ. ನಾ ಒಳಗಿಂದ ಯವ್ವಾ ಅಂತ ಒದರಿದಾಗೆಲ್ಲ ಆಕಿ ಹೊರಗಿಂದ ಓ ಅಂತಿದ್ಲು. ಬಾಗಲಾ ಯಾರೂ ತಗೀಲಿಲ್ಲ."

ಇಷ್ಟು ವರ್ಷ ಅವ್ವ ಇದನ್ನು ನನಗೆ ಹೇಳಿರಲಿಲ್ಲ. ಪುಟ್ಟಮ್ಮ ಬುಟ್ಟಿ ಇಳಿಸಿ, ಅವ್ವನ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಇಬ್ಬರೂ ಒಂದೇ ಅಳತೆಯ ಹೆಂಗಸರು. ನನ್ನ ಸಣ್ಣ ಹಜಾರ ತುಂಬಿಹೋಯಿತು.

ಈಗ ನಾನು ಮತ್ತೆ ಬಸುರಿ. ಈ ಸಲವಾದರೂ ಊರಿಗೆ ಬಾ ಎಂದು ಅವ್ವ ಹೇಳಿ ಹೋಗಿದ್ದಾಳೆ. ಬರುವ ಆಸೆ ನನಗೆ ಎಷ್ಟಿದೆಯೆಂದರೆ, ಕನಸಿನಲ್ಲೂ ಕಾಲಿಗೆ ಎರೆಮಣ್ಣು ಹತ್ತುತ್ತದೆ. ಆದರೆ ಎದ್ದ ಕೂಡಲೇ ಇಲ್ಲಿಯ ಹೊಳೆಯ ಮೆಟ್ಟಿಲು ಬೇಕು, ಗೌರಮ್ಮನ ಬೈಗುಳ ಬೇಕು. ಅಲ್ಲಿಗೆ ಬಂದರೆ ಇದಕ್ಕೆ ಅಳುತ್ತೇನೆ, ಇಲ್ಲಿದ್ದರೆ ಅದಕ್ಕೆ ಅಳುತ್ತೇನೆ. ಅವ್ವನೇ ಪುಟ್ಟಮ್ಮನನ್ನು ಕೇಳಿದ್ದಳು, ನಮ್ಮೂರಿಗೆ ನೀವೂ ಬರ್ರಿ ಎಂದು. "ಆ ಒಗೆಗಾಡೀಲಾ? ಅದು ಎಲ್ಲಿ ಬುಟ್ಬುಟ್ಟು ಓಯ್ತದೋ!" ಎಂದು ಮೊದಲು ರೈಲಿಗೆ ಹೆದರಿದಳು. ನಿನ್ನೆ ತಾನಾಗಿಯೇ ನಿಲ್ದಾಣಕ್ಕೆ ಹೋಗಿ, ನಿಂತಿದ್ದ ಗಾಡಿಯನ್ನು ಸುತ್ತಲೂ ಮುಟ್ಟಿ ನೋಡಿ ಬಂದು, "ಬತ್ತೀನಿ ಕಣವ್ವ" ಎಂದಿದ್ದಾಳೆ.

ಆದ್ದರಿಂದ ಬರುತ್ತೇವೆ. ನೀವೆಲ್ಲ ಬರುತ್ತೀರೆಂದು ಬಲ್ಲೆ. ನಿಮ್ಮ ಪ್ರೀತಿ ಕರೆಗೆ ಕಾಯುವಂಥದ್ದಲ್ಲ. ಬನ್ನಿ, ಪಡಸಾಲೆಯಲ್ಲಿ ಕೂರಿ, ಗಂಡೋ ಹೆಣ್ಣೋ ಎಂದು ವಾದಿಸುತ್ತಿರಿ. ಒಳಗೆ ನಾನು ಕರೆದವರು ಬರುತ್ತಾರೆ. ಪುಟ್ಟಮ್ಮ ಮೊದಲು ಹೋಗಿ ಗೋಡೆಗೊರಗಿ ಕೂರುತ್ತಾಳೆ, ಆಮೇಲೆ ನಾನು. ಅವಳು ಹೊಸಿಲು ದಾಟುವಾಗ ನಿಮ್ಮಲ್ಲಿ ಯಾರಾದರೂ ಅವಳ ಹಣೆ ನೋಡಿ ಅಡ್ಡ ನಿಂತರೆ, ನೋವು ಹಿಡಿದಿದ್ದರೂ ಸರಿ, ನಾನು ಅವಳೊಡನೆ ಅಂಗಳದಲ್ಲೇ ಕೂರುವವಳು. ನಾನು ಯಾವ ಊರಿನವಳು ಎಂಬುದು ಅಂದು ಆ ಬಾಗಿಲಲ್ಲಿ ನನಗೂ ತಿಳಿಯುತ್ತದೆ.